ಕೀಲಿಯಣ್ಣನ ಹತ್ತು ವಾಂಟುಗಳು

ಎಲ್ಲದಕ್ಕೂ ಕಾರಣ ಹೆಂಡತಿ ಕೊಟ್ಟ ಹೋಂವರ್ಕು.

ಬೀಗದ ಕಾರ್ಖಾನೆಯಲ್ಲಿ ಕಟ್ಟಕಡೆಯ ಮೇಜು ಕೀಲಿಯಣ್ಣನದು. ತಯಾರಾಗಿ ಬಂದ ಪ್ರತಿ ಬೀಗಕ್ಕೂ ಕೀಲಿ ತೂರಿಸಿ, ಎರಡು ಸಲ ತಿರುಗಿಸಿ, ಸರಿಯಿದ್ದರೆ ಬಲಕ್ಕೆ, ಹಟ ಮಾಡಿದರೆ ಎಡಕ್ಕೆ ಇಡುವುದು ಅವನ ಕೆಲಸ. ಹದಿನೆಂಟು ವರ್ಷ ಇದನ್ನೇ ಮಾಡಿ, ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಸರಿಯಾಗಿ ನೆನಪಿರಲಿಲ್ಲ. ಈಗ ಸೂಪರ್‌ವೈಸರ್ ಹುದ್ದೆ ಖಾಲಿಯಾಗಿತ್ತು. ಕೆಲಸದಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಸಾಹೇಬರೇ ಒಪ್ಪಿದ್ದರು. ಆದರೆ ಹೊರಗಿನ ಗಿರಾಕಿಗಳ ಕಾಗದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು. "ನಾಳೆ ನಾಲ್ಕು ಗಂಟೆಗೆ ನನ್ನ ರೂಮಿಗೆ ಬನ್ನಿ. ಸ್ವಲ್ಪ ಇಂಗ್ಲಿಷ್ ನೋಡ್ತೀನಿ. ಅದು ಬಂದ್ರೆ ಹುದ್ದೆ ನಿಮ್ದೇ" ಎಂದಿದ್ದರು.

ಹೆಂಡತಿ ಓದುವ ಕಾಲದಲ್ಲಿ ಇಂಗ್ಲಿಷಿನಲ್ಲಿ ಕ್ಲಾಸಿಗೇ ಮೊದಲು. "ಒಂದೇ ಒಂದು ಕ್ರಿಯಾಪದ ಹಿಡ್ಕೊಳ್ರೀ, ವಾಂಟ್ ಅಂತ. ದಿನಾ ಮನಸ್ಸಿಗೆ ಬರೋ ಮಾತಲ್ಲೇ ಹತ್ತು ವಾಕ್ಯ ಬರೀರಿ. ಮಿಕ್ಕಿದ್ದು ತಾನಾಗೇ ಬರುತ್ತೆ" ಎಂದಳು.

ಕೀಲಿಯಣ್ಣ ಬೆಳಿಗ್ಗೆ ಐದಕ್ಕೇ ಎದ್ದು ಪೆನ್ಸಿಲ್ ಕಚ್ಚುತ್ತ ಕೂತ. ಐ ವಾಂಟ್ ಹಾಟ್ ಟೀ. ಐ ವಾಂಟ್ ಚೇರ್ ವಿತ್ ಬ್ಯಾಕ್. ಐ ವಾಂಟ್ ಫ್ಯಾನ್. ಐ ವಾಂಟ್ ಫುಲ್ ಸಂಡೇ. ಆಮೇಲೆ, ಐ ವಾಂಟ್ ಲ್ಯಾಚ್ ಫಾರ್ ಟಾಯ್ಲೆಟ್. ಊರಿಗೆಲ್ಲ ಬೀಗ ಮಾಡಿಕೊಡುವ ಆ ಕಾರ್ಖಾನೆಯ ಟಾಯ್ಲೆಟ್ಟಿಗೆ ಚಿಲಕವೇ ಇರಲಿಲ್ಲ. ಒಳಗಿದ್ದಷ್ಟು ಹೊತ್ತೂ ಜೋರಾಗಿ ಹಾಡುತ್ತಿರಬೇಕಿತ್ತು. ಎಂಟನೆಯ ವಾಕ್ಯಕ್ಕೆ ಬಂದಾಗ ಅಡುಗೆಮನೆಯ ಕಡೆ ಕದ್ದು ನೋಡಿ, ಐ ವಾಂಟ್ ಲೆಸ್ ಸಾಲ್ಟ್ ಎಂದು ಬರೆದ. ಹತ್ತನೆಯದಕ್ಕೆ ಏನೂ ತೋಚದೆ, ಐ ವಾಂಟ್ ಪೀಸ್ ಎಂದು ಮುಗಿಸಿದ.

"ಈ ಸಲ ಬಿಡಲ್ಲ ಕಣೇ. ಏನೇ ಆಗ್ಲಿ, ನಾಲ್ಕು ಗಂಟೆಗೆ ಆ ರೂಮಲ್ಲಿ ಇದ್ದೇ ಇರ್ತೀನಿ" ಎಂದು ಹೊರಟ.

ಹಾಳೆಯನ್ನು ಮೇಜಿನ ಮೇಲೆ ಬೀಗದ ಕೆಳಗಿಟ್ಟುಕೊಂಡು, ಒಂದು ಬೀಗಕ್ಕೊಂದು ವಾಕ್ಯದಂತೆ ಬಾಯಿಪಾಠ ಮಾಡಿದ. ಹನ್ನೊಂದಕ್ಕೆ ಎದ್ದು ಹಾಡಲು ಹೋದ. ಎರಡು ಚರಣ ಮುಗಿಸಿ ಬರುವಷ್ಟರಲ್ಲಿ ಹಾಳೆ ಮಂಗಮಾಯ.

ಪ್ಯಾಕಿಂಗ್ ವಿಭಾಗದ ಭಾಷಣ ಅದನ್ನು ಹಿಡಿದು ಸ್ಟೂಲಿನ ಮೇಲೆ ನಿಂತಿದ್ದ. ಯಾವ ಕಾಗದ ಸಿಕ್ಕಿದರೂ ನಾಲ್ಕು ಜನರ ಮುಂದೆ ಓದಿಬಿಡುವ ಚಟದಿಂದ ಅವನಿಗೆ ಆ ಹೆಸರು ಬಂದಿತ್ತು.

"ಕೇಳಿ. ಬಿಸಿ ಟೀ ಬೇಕು. ಬೆನ್ನಿರೋ ಕುರ್ಚಿ ಬೇಕು. ಚಿಲಕ ಬೇಕು. ಕ್ಯಾಂಟೀನ್ ಊಟಕ್ಕೆ ಉಪ್ಪು ಕಮ್ಮಿ ಆಗ್ಬೇಕು. ಕೊನೇದಾಗಿ, ಶಾಂತಿ ಬೇಕು. ಅಂದ್ರೆ ಹೋರಾಟ ಶಾಂತಿಯುತವಾಗಿರ್ಬೇಕು. ಹದಿನೆಂಟು ವರ್ಷ ಬಾಯಿ ಬಿಡದ ಮನುಷ್ಯ, ಒಳಗೊಳಗೇ ಎಂಥಾ ಬೇಡಿಕೆ ಪಟ್ಟಿ ತಯಾರ್ಮಾಡಿದಾರೆ ನೋಡಿ."

ಕೀಲಿಯಣ್ಣ ಓಡಿ ಬಂದ. "ಅಯ್ಯೋ ಮಾರಾಯ, ಅದು ನನ್ನ ಹೋಂವರ್ಕು."

"ಹೆದರ್ಬೇಡಿ ಅಣ್ಣಾ" ಎಂದಳು ತಗಡು ಕತ್ತರಿಸುವ ಪ್ರೆಸ್ಸಿನ ಅಕ್ಕ. ಅವಳ ಕಣ್ಣು ತುಂಬಿತ್ತು. "ಒಬ್ರೇ ಅಂತ ಯಾಕಂದ್ಕೋತೀರಿ. ಆ ಚಿಲಕದ ಸಂಕಟ ನಿಮಗಿಂತ ನಮಗೆ ಜಾಸ್ತಿ."

ಅವಳು ಹತ್ತೂ ಕಡೆ 'ಐ' ಹೊಡೆದು ಹಾಕಿ 'ವೀ' ಎಂದು ಬರೆದಳು. ನಲವತ್ತೆರಡು ಸಹಿ ಬಿದ್ದವು. ಹಾಳೆ ಕಿತ್ತುಕೊಳ್ಳಲು ಕೀಲಿಯಣ್ಣ ಮುನ್ನುಗ್ಗಿದ. ಅವನೂ ಸಹಿಗೆ ಅವಸರ ಮಾಡುತ್ತಿದ್ದಾನೆಂದು ಭಾಷಣ ಪೆನ್ನನ್ನು ಕೈಗೆ ತುರುಕಿದ.

ಟೈಪಿಂಗಿಗೆ ಹೊರಟ ಹಾಳೆಯ ಹಿಂದೆಯೇ ಕೀಲಿಯಣ್ಣ ಆಫೀಸಿಗೆ ಓಡಿದ. ಟೈಪಿಸ್ಟ್ ಆಗಲೇ ಮೂರು ಪ್ರತಿ ತೆಗೆದಿದ್ದಳು.

"ಅದನ್ನ ಕೊಡಮ್ಮಾ, ಕೈ ಮುಗೀತೀನಿ."

"ಒಂದು ಪ್ರತಿ ಆಗ್ಲೇ ಒಳಗೆ ಹೋಯ್ತು ಅಣ್ಣಾ. ನಾನೂ ಸಹಿ ಹಾಕಿದೀನಿ. ಕೂರೋದು ನಾನೂ ಸ್ಟೂಲ್ ಮೇಲೇ ಅಲ್ವಾ."

ಇನ್ನು ಉಳಿದಿದ್ದು ಒಂದೇ ದಾರಿ. ನೇರವಾಗಿ ಸಾಹೇಬರ ಮುಂದೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಆದರೆ ಜವಾನ ಬಾಗಿಲಿಗೆ ಅಡ್ಡ ನಿಂತ. "ನಿಮ್ಮ ಟೈಮ್ ನಾಲ್ಕು ಗಂಟೆ. ಮೂರೂ ಐವತ್ತೊಂಬತ್ತಕ್ಕೂ ಬಿಡಲ್ಲ."

ಕೀಲಿಯಣ್ಣ ಹಟ ಬಿಡಲಿಲ್ಲ. ಊಟಕ್ಕೂ ಏಳದೆ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೇ ಕೂತ. ಅವನನ್ನು ಕಂಡು ಬಂದ ಯಾರೋ, ಅಣ್ಣ ಉಪವಾಸ ಕೂತಿದ್ದಾರೆ ಎಂದು ಸುದ್ದಿ ಹಬ್ಬಿಸಿದರು. ಎರಡು ಗಂಟೆಗೆ ಒಂದೊಂದಾಗಿ ಯಂತ್ರಗಳೆಲ್ಲ ನಿಂತವು. ಹದಿನೆಂಟು ವರ್ಷದಲ್ಲಿ ಅಲ್ಲಿ ಗಡಿಯಾರದ ಸದ್ದು ಕೇಳಿದ್ದು ಅದೇ ಮೊದಲು.

ನಾಲ್ಕು ಹೊಡೆಯಿತು. ಅವನು ಒಳಗೆ ನುಗ್ಗಿ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದ. ಹೆಂಡತಿಯ ಹೋಂವರ್ಕು, ಐದು ಗಂಟೆಯ ಪೆನ್ಸಿಲ್ಲು, ಉಪ್ಪಿನ ನಿಜ ಸಂಗತಿ, ಯಾವುದನ್ನೂ ಮುಚ್ಚಿಡಲಿಲ್ಲ. ಬಾಯಿಪಾಠವಾಗಿದ್ದ ಹತ್ತೂ ವಾಕ್ಯಗಳನ್ನು ಒಪ್ಪಿಸಿಯೂ ಬಿಟ್ಟ.

ಸಾಹೇಬರು ಕನ್ನಡಕ ತೆಗೆದು ಅವನನ್ನೇ ನೋಡಿದರು. ಅವರು ನಂಬಿದರು. ಅವನ ಮುಖ ನೋಡಿದ ಯಾರಾದರೂ ನಂಬಲೇಬೇಕಿತ್ತು.

"ಅಂದ್ರೆ ಇದು ಪರೀಕ್ಷೆಗೆ ಮಾಡ್ಕೊಂಡಿದ್ದ ತಯಾರಿ."

"ಹೌದು ಸಾರ್."

"ತುಂಬಾ ಚೆನ್ನಾಗಿದೆ. ಒಂದು ತಪ್ಪೂ ಹಿಡಿಯೋಕಾಗಲ್ಲ. ಹತ್ತಕ್ಕೆ ಹತ್ತು. ನೀವು ಪಾಸು."

ಕೀಲಿಯಣ್ಣನಿಗೆ ಕುಣಿಯುವುದೊಂದು ಬಾಕಿ. "ಹಾಗಾದ್ರೆ ಸೂಪರ್‌ವೈಸರ್..."

"ಅದೇ ನೋಡಿ ಬೇಜಾರು" ಎಂದು ಸಾಹೇಬರು ನಿಟ್ಟುಸಿರಿಟ್ಟರು. "ಸಂಜೆ ಲಾರಿ ಹೊರಡ್ಬೇಕು, ಯಂತ್ರ ನೋಡಿದ್ರೆ ನಿಂತಿದಾವೆ. ನಾನೇನು ಮಾಡ್ಲಿ. ಹತ್ತೂ ಬೇಡಿಕೆ ಒಪ್ಪಿ ಸಹಿ ಹಾಕಿ ಈಗ ತಾನೇ ಜವಾನನ ಕೈಲಿ ಹೊರಗೆ ಕಳಿಸ್ದೆ. ಫ್ಯಾನು, ಕುರ್ಚಿ, ಟೀ ಎಲ್ಲಕ್ಕೂ ದುಡ್ಡು ಎಲ್ಲಿಂದ ತರ್ಲಿ. ಅದಕ್ಕೇ ಆ ಹುದ್ದೇನೇ ತೆಗೆದುಹಾಕಿದೀನಿ."

ಅಷ್ಟರಲ್ಲಿ ಬಾಗಿಲು ಧಡಾರನೆ ತೆರೆಯಿತು. ಕೀಲಿಯಣ್ಣನಿಗೆ ಅಳಲೂ ಬಿಡುವು ಸಿಗಲಿಲ್ಲ. ಜನ ಅವನನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ತಂದರು. ಭಾಷಣ ಆದೇಶವನ್ನು ಗಟ್ಟಿಯಾಗಿ ಓದಿದ. ಟೀಗೆ ಚಪ್ಪಾಳೆ ಬಿತ್ತು, ಕುರ್ಚಿಗೆ ಬಿತ್ತು, ಚಿಲಕಕ್ಕೆ ಹೆಂಗಸರು ಶಿಳ್ಳೆಯನ್ನೇ ಹೊಡೆದರು.

"ಇನ್ನೂ ಇದೆ ಕೇಳಿ" ಎಂದ ಭಾಷಣ, ಕೊನೆಯ ಸಾಲಿಗೆ ಬಂದು. "ನಾವು ಕೇಳ್ದೇ ಇದ್ದಿದ್ದನ್ನೂ ನಮ್ಮಣ್ಣ ಗೆದ್ದು ಕೊಟ್ಟಿದಾರೆ. ಇನ್ಮೇಲೆ ನಮ್ಮ ತಲೆ ಮೇಲೆ ಸೂಪರ್‌ವೈಸರ್ರೇ ಇರಲ್ಲ."

ಎಲ್ಲಕ್ಕಿಂತ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೆ. ನಲವತ್ತೆರಡು ಜನವೂ ತಲೆಯೆತ್ತಿ ತನ್ನನ್ನೇ ನೋಡುತ್ತಿದ್ದುದರಿಂದ ಕೀಲಿಯಣ್ಣನೂ ತಟ್ಟಿದ.