ಬೈಕಿಗೆ ಕಾರಿನ ಟಯರ್, ವಿರಾರಿಗೆ ಮಾವ

ನಮ್ಮ ಮಾವನ ಮನೆಯಲ್ಲಿ ತೊಂದರೆ ಒಂದು ಕಡೆ ಇರುತ್ತದೆ, ರಿಪೇರಿ ಇನ್ನೊಂದು ಕಡೆ ನಡೆಯುತ್ತದೆ. ಫ್ಯಾನ್ ಸದ್ದು ಮಾಡಿದರೆ ಕಿಟಕಿ ಬದಲಾಗುತ್ತದೆ. ನಾನು ಫಿಸಿಕ್ಸ್ ಬಿಎಸ್ಸಿ ಮಾಡಿದವಳು. ಹಾಗಾಗಿ ಪ್ರತಿ ಸಲವೂ ಸಲಹೆಗೆಂದು ನನ್ನನ್ನು ಮುಂಬೈಯ ಆ ತುದಿಯ ಆಂಟಾಪ್ ಹಿಲ್‌ನಿಂದ ಈ ತುದಿಯ ದಹಿಸರಿಗೆ ಕರೆಸುತ್ತಾರೆ. ನಾನು ಬೇಡ ಎನ್ನುತ್ತೇನೆ, ಕಾರಣ ಹೇಳುತ್ತೇನೆ, ಚಹಾ ಕುಡಿಯುತ್ತೇನೆ. ಆಮೇಲೆ ಅವರು ಅಂದುಕೊಂಡದ್ದನ್ನೇ ಮಾಡುತ್ತಾರೆ.

ಮಾವ ಎಂದರೆ ಅಮ್ಮನ ತಮ್ಮ. ದಹಿಸರಿನಲ್ಲಿ ಅವರದೊಂದು ಚಿಕ್ಕ ಉಡುಪಿ ಹೋಟೆಲ್ ಇದೆ. ದೂರ ಪ್ರಯಾಣದ ದೊಡ್ಡ ಬೈಕೂ ಇದೆ. ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲೇ ಉಡುಪಿಗೆ ಹೋಗಬೇಕೆಂಬುದು ಅವರ ಬಹುದಿನದ ಆಸೆ. ಅತ್ತೆಯದು ಒಂದೇ ಷರತ್ತು: "ಮೊದಲು ವಿರಾರಿಗೆ, ನನ್ನ ಅಣ್ಣನ ಮನೆಗೆ. ಆಮೇಲೆ ಉಡುಪಿ."

ಆ ಅಣ್ಣ ಮೂರು ವರ್ಷದ ಹಿಂದೆ ಮಾವನ ಹೋಟೆಲಿಗೆ ಬಂದವರು, ಸಾಂಬಾರ್ ಸಿಹಿಯಾಗಿದೆ ಎಂದುಬಿಟ್ಟಿದ್ದರು. ಹೈವೇಯಲ್ಲಿ ಒಂದು ಗಂಟೆಯ ದಾರಿಯಾದರೂ ಅಂದಿನಿಂದ ಮಾವ ವಿರಾರಿನ ಕಡೆ ತಲೆ ಹಾಕಿಲ್ಲ. ಈಗ ತಿಂಗಳ ಕೊನೆಗೆ ಅಣ್ಣನ ಮಗಳ ನಿಶ್ಚಿತಾರ್ಥ. ಗಂಡ ಬರದಿದ್ದರೆ ಅಷ್ಟು ಜನರ ಎದುರು ಏನು ಹೇಳುವುದು ಎಂಬುದು ಅತ್ತೆಯ ಚಿಂತೆ.

ಮಾವ ತುಂಬ ಯೋಚಿಸಿ, ಅತ್ತೆ ಬೈಕ್ ಹತ್ತದಿರಲು ಹಿಂದಿನ ಟಯರೇ ಕಾರಣ ಎಂದು ತೀರ್ಮಾನಿಸಿದರು. ಅದು ಬೇಗ ಸವೆಯುತ್ತಿತ್ತು. ಒಮ್ಮೆ ದಾರಿಯಲ್ಲೇ ಕೈಕೊಟ್ಟಿತ್ತು.

"ಹಿಂದಕ್ಕೆ ಕಾರಿನ ಟಯರ್ ಹಾಕಿಬಿಡುವ. ಸವೆಯುವುದೇ ಇಲ್ಲ. ಫಾರಿನ್‌ನವರು ಹಾಕುತ್ತಾರೆ, ಮೊಬೈಲಿನಲ್ಲಿ ನೋಡಿದ್ದೇನೆ."

"ಬೈಕಿನ ಟಯರ್ ದುಂಡಗಿರುತ್ತದೆ ಮಾವ, ವಾಲಿ ತಿರುಗಲಿಕ್ಕೆ. ಕಾರಿನದು ಚಪ್ಪಟೆ. ತಿರುವಿನಲ್ಲಿ ಅಪಾಯ."

"ಚಹಾ ಕುಡಿ," ಎಂದರು ಮಾವ.

೧. ಉಳಿದ ಎರಡು ಗಾಲಿ

ದಹಿಸರಿನ ಯಾವ ಅಂಗಡಿಯವರೂ ಒಪ್ಪಲಿಲ್ಲ. ಬೈಕುಲ್ಲಾದ ಒಂದು ಅಂಗಡಿಗೆ ಹೋದೆವು. ಅಲ್ಲಿಯ ಟಯರ್ ಮೇಸ್ತ್ರಿ ವಿಜಯಪುರದ ಕಡೆಯವರು. ಮಾವ ಜಾಣತನದಿಂದ ಬೈಕನ್ನು ಹೊರಗೇ ಬಿಟ್ಟು, ಕಾರಿನ ಟಯರ್ ಒಂದು ಬೇಕು ಎಂದಷ್ಟೇ ಹೇಳಿದರು.

"ಒಂದ ಯಾಕ್ರಿ? ಗಾಡಿ ತೋರಸ್ರಿ."

ಮಾವ ಹೊರಗೆ ಕರೆದುಕೊಂಡು ಹೋಗಿ ತೋರಿಸಿದರು. ಮೇಸ್ತ್ರಿ ಬೈಕಿಗೆ ಒಂದು ಸುತ್ತು ಬಂದರು.

"ಉಳದ ಎರಡ ಗಾಲಿ ಮನ್ಯಾಗ ಬಿಟ್ಟ ಬಂದೀರೇನ್ರಿ?"

ಬೇಡವೆಂದು ಅವರೂ ಹೇಳಿದರು. ಮಾವ ತನ್ನದೇ ಜವಾಬ್ದಾರಿ ಎಂದರು. ಅಳತೆಗೆ ಹೊಂದುವ ಟಯರ್ ಹುಡುಕಿ, ರಿಮ್ಮಿಗೆ ಏರಿಸಿ, ಗಾಳಿ ತುಂಬಲು ಶುರುವಾಯಿತು. ಅಂಚು ರಿಮ್ಮಿನೊಳಗೆ ಸರಿಯಾಗಿ ಕೂರುವಾಗ ಗುಂಡು ಹೊಡೆದಂಥ ಸದ್ದಾಗುತ್ತದೆ. ನನಗೆ ಗೊತ್ತಿತ್ತು. ಮಾವನಿಗೆ ಗೊತ್ತಿರಲಿಲ್ಲ. ಸದ್ದು ಅಡಗಿದ ಮೇಲೆ ನೋಡಿದರೆ ಮಾವ ಹಳೇ ಟಯರ್ ರಾಶಿಯ ಹಿಂದೆ ಕುಕ್ಕರಗಾಲಿನಲ್ಲಿದ್ದರು.

ಮೇಸ್ತ್ರಿ ಕೈ ಒರೆಸಿಕೊಂಡು ಹೇಳಿದರು, "ಟಯರ್ ಕುಂತತ್ರಿ. ಇನ್ನ ನೀವು ಏಳ್ರಿ."

೨. ಎಷ್ಟು ನಿಂಬೆಹಣ್ಣು?

ಓಡಿಸುವ ಮೊದಲು ಹೊಸ ಟಯರಿಗೆ ಪೂಜೆಯಾಗಬೇಕು ಎಂದು ಮಾವ ಗಾಡಿಯನ್ನು ಟೆಂಪೋದಲ್ಲಿ ಹೋಟೆಲಿಗೆ ತಂದರು. ಶುಕ್ರವಾರ ಹೋಟೆಲಿನ ಪೂಜೆಗೆ ಬರುವ ಭಟ್ಟರು ಗಾಡಿಗೆ ಹೂ ಹಾಕಿ, ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡಲು ಬಗ್ಗಿದರು. ಹಿಂದಿನ ಟಯರ್ ನೋಡಿ ಹಾಗೇ ನಿಂತರು.

"ಬೈಕಿಗೆ ಎರಡು. ಕಾರಿಗೆ ನಾಲ್ಕು. ಇದು ಎಂಥದು?"

ಎಲ್ಲರೂ ನನ್ನ ಮುಖ ನೋಡಿದರು. ಡಿಗ್ರಿ ಇರುವುದೇ ಇಂಥ ಹೊತ್ತಿಗೆ.

"ಮುಂದೆ ಒಂದು, ಹಿಂದೆ ಎರಡು," ಎಂದೆ. "ಅಗಲಕ್ಕೆ ತಕ್ಕ ಹಾಗೆ."

ಭಟ್ಟರಿಗೆ ಲೆಕ್ಕ ಒಪ್ಪಿಗೆಯಾಯಿತು. ಮಾವ ಗಾಡಿ ಮುಂದೆ ಬಿಟ್ಟರು. ಮುಂದಿನ ಹಣ್ಣು ಸದ್ದಿಲ್ಲದೆ ಅಪ್ಪಚ್ಚಿಯಾಯಿತು. ಹಿಂದಿನ ಎರಡರಲ್ಲಿ ಒಂದು ಮಾತ್ರ ಟಯರಿನ ಅಂಚಿಗೆ ಸಿಕ್ಕಿ, ಚಿಮ್ಮಿ, ಸೀದಾ ಭಟ್ಟರ ಎದೆಗೆ ಬಡಿಯಿತು.

ಭಟ್ಟರು ಶಲ್ಯ ಕೊಡವಿಕೊಂಡರು. "ಕಾರೇ," ಎಂದರು. "ಬೈಕಿಗೆ ಇಷ್ಟು ಜೋರಿಲ್ಲ."

೩. ಗುಪ್ತಾಜಿ

ಅದೇ ಸಂಜೆ ಮಾವ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಟೆಲಿನಿಂದ ಮನೆಗೆ ಹೊರಟರು. ಸೀದಾ ರಸ್ತೆಯಲ್ಲಿ ಗಾಡಿ ಆನೆಯ ಹಾಗೆ ಹೋಯಿತು. ಮನೆಯ ಬಿಲ್ಡಿಂಗಿನ ಗೇಟು ಎಡಕ್ಕೆ. ಮಾವ ಎಂದಿನಂತೆ ಸ್ವಲ್ಪ ವಾಲಿದರು. ಗಾಡಿ ವಾಲಲಿಲ್ಲ. ನಮ್ಮ ಗೇಟು ದಾಟಿದ ಮೇಲೆ ನಿಧಾನವಾಗಿ ತಿರುಗಿ ಪಕ್ಕದ ಬಿಲ್ಡಿಂಗಿನ ಗೇಟಿನೊಳಗೆ ಹೋಗಿ ನಿಂತಿತು.

ವಾಚ್‌ಮನ್ ಎದ್ದು ಬಂದ. "ಕಿಸ್ಕೆ ಘರ್ ಜಾನಾ ಹೈ?"

ಗಾಡಿ ತಿರುಗಲಿಲ್ಲ ಎಂದು ಹೇಳಿದರೆ ಮರ್ಯಾದೆ ಹೋಗುತ್ತದೆ. ಮಾವ ಗತ್ತಿನಿಂದ, "ಗುಪ್ತಾಜಿ," ಎಂದರು.

ಮುಂಬೈಯಲ್ಲಿ ಗುಪ್ತಾಜಿ ಇಲ್ಲದ ಬಿಲ್ಡಿಂಗ್ ಇಲ್ಲ. ವಾಚ್‌ಮನ್ ಇಂಟರ್‌ಕಾಮಿನಲ್ಲಿ ಕೇಳಿ, "ಜಾಯಿಯೇ, ಬುಲಾ ರಹೇ ಹೈ," ಎಂದ. ಹೋಗಲೇಬೇಕಾಯಿತು. ಗುಪ್ತಾಜಿ ಬಾಗಿಲಲ್ಲೇ ಹಳೇ ಗೆಳೆಯನನ್ನು ಕಂಡವರಂತೆ ಮಾವನ ಕೈ ಹಿಡಿದು, "ಅರೆ, ಕಿತ್ನೇ ದಿನ್ ಬಾದ್," ಎಂದರು. ಚಹಾ ಬಂತು, ಬಿಸ್ಕತ್ತು ಬಂತು. ಇಬ್ಬರೂ ಮಾವನ ಹೋಟೆಲಿನ ಬಗ್ಗೆ, ಮೊಣಕಾಲು ನೋವಿನ ಬಗ್ಗೆ ಬಹಳ ಹೊತ್ತು ಮಾತಾಡಿದರು.

ಲಿಫ್ಟಿನಲ್ಲಿ ಕೇಳಿದೆ, "ನಿಮಗೆ ಅವರ ಪರಿಚಯ ಉಂಟಾ?"

"ಇಲ್ಲ. ಅವರಿಗೂ ನನ್ನದಿಲ್ಲ. ಮೊದಲು ಹೇಳುವುದು ಯಾರು ಅಂತ ಇಬ್ಬರೂ ಕಾದೆವು."

ಭಾನುವಾರ ಬೆಳಿಗ್ಗೆ ಗುಪ್ತಾಜಿ ಹೆಂಡತಿ ಮಕ್ಕಳೊಂದಿಗೆ ಮಾವನ ಹೋಟೆಲಿಗೆ ಬಂದರು. ಹಳೇ ದೋಸ್ತನ ಹೋಟೆಲ್ ಎಂದು ಪಕ್ಕದ ಟೇಬಲಿನವರಿಗೂ ಹೇಳಿದರು. ಹೋಗುವಾಗ ಮಾವನ ಬೆನ್ನು ತಟ್ಟಿ, "ಸಾಂಬಾರ್ ಏಕ್‌ದಮ್ ಬಢಿಯಾ. ಮೀಠಾ ಮೀಠಾ," ಎಂದರು.

ಇವರೂ ಸಿಹಿ ಎಂದ ಮೇಲೆ ಮಾವ ಒಳಗೆ ಹೋಗಿ ಸಾಂಬಾರನ್ನು ಮೂರು ಸಲ ರುಚಿ ನೋಡಿದರು.

೪. ಅತ್ತೆಯ ಪಾಠ

ಆ ಮಧ್ಯಾಹ್ನ ಅಡುಗೆಮನೆಯಲ್ಲಿ ಅತ್ತೆ ನನ್ನನ್ನು ಕೇಳಿದರು, "ಆ ಗಾಡಿ ಯಾಕೆ ತಿರುಗುವುದಿಲ್ಲ ಮಾರಾಯ್ತಿ?"

ಆ ಮನೆಯಲ್ಲಿ ಮೊದಲ ಬಾರಿ ಒಬ್ಬರು ಕಾರಣ ಕೇಳಿದ್ದರು. ತಟ್ಟೆಯ ಮೇಲೆ ಒಂದು ದುಂಡಗಿನ ಗೋಳಿಬಜೆ, ಒಂದು ಒಗ್ಗರಣೆ ಡಬ್ಬಿ ಇಟ್ಟು ತೋರಿಸಿದೆ. ಗೋಳಿಬಜೆ ಎತ್ತ ಬೇಕಾದರೂ ವಾಲುತ್ತದೆ, ಅದು ಬೈಕಿನ ಟಯರ್. ಡಬ್ಬಿ ನೆಟ್ಟಗೇ ನಿಲ್ಲುತ್ತದೆ, ಅದು ಕಾರಿನದು. ಅದನ್ನು ತಿರುಗಿಸಬೇಕಾದರೆ ಕೂತ ಇಬ್ಬರೂ ಒಂದೇ ಕಡೆ ವಾಲಬೇಕು.

"ಹಿಂದೆ ಕೂತವರು ಆಚೆ ಕಡೆ ವಾಲಿದರೆ?"

"ಗಾಡಿ ಸೀದಾ ಹೋಗುತ್ತದೆ. ಹಾಗೆ ಮಾಡಲೇಬಾರದು."

"ಹೌದಾ," ಎಂದರು ಅತ್ತೆ. ಬೈಕಿನ ಟಯರನ್ನು ಚಟ್ನಿಯಲ್ಲಿ ಅದ್ದಿ ತಿಂದರು.

ಮೂರು ಗಂಟೆಗೆ ಅತ್ತೆ ತಾವಾಗಿಯೇ, "ಬನ್ನಿ, ಒಂದು ರೌಂಡ್ ಹೋಗುವ," ಎಂದರು. ಮಾವನಿಗೆ ಸ್ವರ್ಗ ಸಿಕ್ಕಿತು. ಟಯರ್ ಕೆಲಸ ಮಾಡಿತು ನೋಡು ಎಂದು ನನ್ನ ಕಡೆ ಹುಬ್ಬು ಹಾರಿಸಿದರು. ಹೈವೇಯಲ್ಲಿ ಮೀರಾ ರೋಡ್ ತನಕ ಹೋಗಿ, ಬಲಕ್ಕೆ ಯೂ ಟರ್ನ್ ಹೊಡೆದು ವಾಪಸ್ ಬರುವುದು ಎಂದಾಯಿತು. ಅಷ್ಟಕ್ಕೆ ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ಕೈಯಲ್ಲಿ ಒಂದು ಸ್ವೀಟ್ ಬಾಕ್ಸ್ ಇತ್ತು. ನಾನು ಗಮನಿಸಿದೆ, ಆದರೆ ಅರ್ಥ ಹಚ್ಚಲಿಲ್ಲ.

ಐದೂವರೆಯಾದರೂ ಬರಲಿಲ್ಲ. ಆಮೇಲೆ ಮಾವನ ಫೋನ್ ಬಂತು.

"ನೀನು ಹೇಳಿದ್ದು ಸರಿ ಮಾರಾಯ್ತಿ. ಈ ಟಯರ್ ಆಗುವುದಿಲ್ಲ. ಮೀರಾ ರೋಡಿನಲ್ಲಿ ತಿರುಗಲಿಲ್ಲ. ಮುಂದಿನ ಯೂ ಟರ್ನಿನಲ್ಲೂ ಇಲ್ಲ. ಖಾಡಿಯ ಸೇತುವೆ ದಾಟಿಯಾಯಿತು, ವಸಯಿ ದಾಟಿಯಾಯಿತು. ಎಲ್ಲಿ ಬಲಕ್ಕೆ ಎಳೆದರೂ ಸೀದಾ ಹೋಗುತ್ತದೆ."

"ಕೊನೆಗೆ ಎಲ್ಲಿ ತಿರುಗಿತು?"

"ವಿರಾರ್ ಫಾಟಾದಲ್ಲಿ, ಊರೊಳಗೆ ಹೋಗುವ ಕ್ರಾಸಿನಲ್ಲಿ. ಎಡಕ್ಕೆ. ಬೆಣ್ಣೆಯ ಹಾಗೆ ತಿರುಗಿತು."

"ಅತ್ತೆಗೆ ಫೋನ್ ಕೊಡಿ."

ಅತ್ತೆ ಪಿಸುದನಿಯಲ್ಲಿ ಹೇಳಿದರು, "ಪಾಠ ಸರಿಯಾಗಿಯೇ ಉಂಟು ನಿನ್ನದು. ಒಂದೇ ಸಲಕ್ಕೆ ಅರ್ಥವಾಯಿತು."

ಹಿಂದಿನಿಂದ ಅಣ್ಣನ ಸ್ವರ ಕೇಳಿಸಿತು: "ಭಾವ, ಇಡ್ಲಿಗೆ ಇನ್ನೂ ಸ್ವಲ್ಪ ಸಾಂಬಾರ್ ಹಾಕುವುದಾ?" ಮೂರು ವರ್ಷ ಕಾದವರ ಗಾಂಭೀರ್ಯದಲ್ಲಿ ಮಾವ ಉತ್ತರಿಸಿದರು: "ಹಾಕಿ, ಹಾಕಿ. ಬೆಲ್ಲ ಮಾತ್ರ ಕಮ್ಮಿಯಾಯಿತು."

ಆ ಮನೆಯವರೆಲ್ಲ ನಕ್ಕದ್ದು ದಹಿಸರಿಗೆ ಕೇಳಿಸಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ.

ವಾಪಸ್ ಬರುವಾಗ ಗಾಡಿ ಎಲ್ಲ ತಿರುವಿನಲ್ಲೂ ತಿರುಗಿತು. ಟಯರ್ ಪಳಗಿತು ಎಂದರು ಮಾವ. ನಾನು ತಿದ್ದಲಿಲ್ಲ, ಆದರೆ ಮರುದಿನವೇ ಎದುರು ನಿಂತು ಬೈಕಿನದೇ ಟಯರ್ ಹಾಕಿಸಿದೆ. ನಿಶ್ಚಿತಾರ್ಥಕ್ಕೆ ಮಾವ ಎಲ್ಲರಿಗಿಂತ ಮೊದಲು ಹೋಗಿ ಅಡುಗೆಯವರ ಪಕ್ಕದಲ್ಲಿ ನಿಂತಿದ್ದರು. ಉಡುಪಿಯ ಪ್ರಯಾಣಕ್ಕೂ ದಿನ ಗೊತ್ತಾಯಿತು.

ಹೊರಡುವ ಹಿಂದಿನ ದಿನ ಅತ್ತೆ ನನ್ನನ್ನು ಮತ್ತೆ ಅಡುಗೆಮನೆಗೆ ಕರೆದರು. ತಟ್ಟೆಯಲ್ಲಿ ಗೋಳಿಬಜೆ ತಯಾರಿತ್ತು.

"ಬ್ರೇಕಿನದ್ದು ಒಂದು ಪಾಠ ಹೇಳು. ದಾರಿಯಲ್ಲಿ ಕೊಲ್ಹಾಪುರದಲ್ಲಿ ಒಳ್ಳೆಯ ಸೀರೆ ಅಂಗಡಿ ಉಂಟಂತೆ."