ಕೆಳಗಿಟ್ಟ ಚಾಕು

ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಮಾವ ತನಗೊಂದು ಕೆಲಸ ಹೇಳಲಿಲ್ಲ ಎಂಬುದು ಪ್ರಭುಲಿಂಗನ ದೊಡ್ಡ ಕೊರಗು. ಮಾವನ ಮನೆಯ ಕೆಲಸ ತಪ್ಪಿಸಿಕೊಳ್ಳಲು ಹರಕೆ ಹೊರುವ ಅಳಿಯಂದಿರನ್ನು ನಾವು ಬೇಕಾದಷ್ಟು ನೋಡಿದ್ದೇವೆ. ಕೆಲಸ ಹೇಳಲಿಲ್ಲವೆಂದು ಕೊರಗುವ ಅಳಿಯ ಇಡೀ ದುರ್ಗದ ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಹೊಳಲ್ಕೆರೆಯ ಗ್ರಂಥಾಲಯದಲ್ಲಿ ಕೂತು ಪುಸ್ತಕಗಳಿಗೆ ತಾರೀಖಿನ ಮುದ್ರೆ ಒತ್ತುವುದು ಇವನ ಉದ್ಯೋಗ. ಹೆಂಡತಿ ನೇತ್ರಾವತಿಯ ತವರು ಹಿರಿಯೂರು ತಾಲ್ಲೂಕಿನ ಹರಿಯಬ್ಬೆ. ಅಲ್ಲಿ ಮಾವ ಕಾಟಲಿಂಗಪ್ಪನವರಿಗೆ ನೂರಿಪ್ಪತ್ತು ಕುರಿ, ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು. ಹೊಸದುರ್ಗದಲ್ಲಿ ಮೋಟರ್ ರಿಪೇರಿ ಮಾಡುವ ಕಿರಿಯಳಿಯ ರಂಗೇಶ್ ಹೋದನೆಂದರೆ, "ರಂಗೇಶಾ, ಆ ಗೂಟ ಬಡಿಯಪ್ಪ, ಈ ಬೇಲಿ ಕಟ್ಟಪ್ಪ" ಎಂದು ಮಾವ ಬಾಯಿತುಂಬ ಕರೆಯುತ್ತಾರೆ. ಪ್ರಭುಲಿಂಗ ಹೋದರೆ ಮಂಚದ ಮೇಲೆ ಒಗೆದ ಚಾದರ ಹಾಸಿ, "ಕುಂತ್ಕಳ್ರಿ" ಎಂದುಬಿಡುತ್ತಾರೆ. ಕರೆಯುವುದು ಹೆಸರು ಹಿಡಿದೂ ಅಲ್ಲ, 'ಅಳಿಯಂದ್ರು' ಎಂದೂ ಅಲ್ಲ. 'ಲೈಬ್ರರಿಯೋರು.'

ಹೋದ ವರ್ಷ ನಡೆದದ್ದಂತೂ ಆ ಗಾಯಕ್ಕೆ ಉಪ್ಪು ಖಾರ ಎರಡನ್ನೂ ಹಚ್ಚಿತು. ಮನೆಯ ಮುಂದೆ ಒಂದು ಕುರಿಮರಿ ನೈಲಾನ್ ಹಗ್ಗಕ್ಕೆ ಕತ್ತು ಸಿಕ್ಕಿಸಿಕೊಂಡು ಕಣ್ಣು ಮೇಲೆ ಮಾಡಿತ್ತು. ಅತ್ತೆ ಪಾಲಮ್ಮ, "ಚಾಕು! ಯಾರತ್ರನಾದ್ರೂ ಚಾಕು ಐತೇನ್ರೋ!" ಎಂದು ಕೂಗಿಕೊಂಡಾಗ ಹತ್ತಿರವಿದ್ದ ಗಂಡಸು ಪ್ರಭುಲಿಂಗನೊಬ್ಬನೇ. ಜೇಬು ತಡಕಿದ. ಒಂದು ಪೆನ್ನು, ಕನ್ನಡಕ ಒರೆಸುವ ಬಟ್ಟೆ, ಬಸ್ ಟಿಕೀಟು, ಮತ್ತು (ಯಾಕೆ ತಂದಿದ್ದನೋ ಆ ಶಿವನಿಗೇ ಗೊತ್ತು) ಗ್ರಂಥಾಲಯದ ತಾರೀಖಿನ ಮುದ್ರೆ. ಅಷ್ಟರಲ್ಲಿ ಮಾವ ಓಡಿಬಂದು, ಉಡದಾರಕ್ಕೆ ಸಿಕ್ಕಿಸಿದ್ದ ಮಡಚುವ ಚಾಕು ಬಿಚ್ಚಿ, ಕಚಕ್ಕನೆ ಹಗ್ಗ ಕೊಯ್ದರು. ಮರಿ ಕೆಮ್ಮಿ, ಎದ್ದು ಓಡಿತು. ಮಾವ ಅಳಿಯನ ಕೈಯಲ್ಲಿದ್ದ ಮುದ್ರೆಯನ್ನು ಒಂದು ಗಳಿಗೆ ನೋಡಿದರು. ಬೈಯಲಿಲ್ಲ, ನಗಲಿಲ್ಲ. ಮಗಳ ಕಡೆ ತಿರುಗಿ, "ಲೈಬ್ರರಿಯೋರಿಗೆ ಕಾಫಿ ಕೊಡವ್ವಾ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆವತ್ತೇ ಪ್ರಭುಲಿಂಗ ಭೀಷಣ ಪ್ರತಿಜ್ಞೆ ಮಾಡಿದ. ಇನ್ನು ಜೇಬಿನಲ್ಲಿ ಚಾಕು ಇಲ್ಲದೆ ಹೊಸಿಲು ದಾಟುವುದಿಲ್ಲ! ಆದರೆ ಯಾವ ಚಾಕು? ಮೊಬೈಲಿನಲ್ಲಿ ಹುಡುಕಿದರೆ ದಿನವೂ ಜೇಬಿನಲ್ಲಿಟ್ಟುಕೊಳ್ಳುವ ಚಾಕುಗಳದ್ದೇ ಒಂದು ಲೋಕ ತೆರೆದುಕೊಂಡಿತು. ಅದಕ್ಕೆ ಅವನು 'ನಿತ್ಯಧಾರಣಾಯುಧ' ಎಂದು ಹೆಸರಿಟ್ಟು, ಒಂದು ನೋಟ್‌ಬುಕ್ಕಿಗೆ ಗೆರೆ ಎಳೆದು, ಉಕ್ಕಿನ ಗುಣ, ಹಿಡಿಯ ಜಾತಿ, ಬಿಚ್ಚಿದ ಅಲಗನ್ನು ಹಿಡಿದಿಡುವ ಬೀಗದ ಬಗೆ ಎಂದು ಬರೆಯತೊಡಗಿದ. ಆರು ತಿಂಗಳು ಬರೆದ. ಮಗಳ ಮದುವೆಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ.

"ಇದು ನೋಡು, ಟ್ಯಾಕ್ಟಿಕಲ್ ಫೋಲ್ಡರ್" ಎಂದು ಒಂದು ಸಂಜೆ ಅಡುಗೆಮನೆಗೆ ಬಂದು ಮೊಬೈಲ್ ಹಿಡಿದ.

"ಹಂಗಂದ್ರೆ?"

"ಒಂದೇ ಕೈಯಾಗೆ, ಅರ್ಧ ಸೆಕೆಂಡಿಗೆ ಬಿಚ್ಕಂತೈತೆ. ಕಮಾಂಡೋಗಳು ಇಟ್ಕಳೋದು. ಶತ್ರು ಏನಾದ್ರೂ ಮೈಮೇಲೆ ಬಿದ್ರೆ..."

"ಹೊಳಲ್ಕೆರೆ ಲೈಬ್ರರಿಗೆ ಯಾವ ಶತ್ರು ಬರ್ತಾನ್ರೀ? ಪೇಪರ್ ಓದಾಕೆ ತಿಪ್ಪೇರುದ್ರಪ್ಪ ಮೇಷ್ಟ್ರು ಬರ್ತಾರೆ, ಅವ್ರಿಗೆ ಎಂಬತ್ತಾತು. ಆ ಚಾಕು ಇತ್ಲಾಗೆ ಇಡ್ರಿ, ಬದ್ನೇಕಾಯಿ ಹೆಚ್ಬೇಕು."

ಪ್ರಭುಲಿಂಗ ಅಡುಗೆ ಚಾಕುವನ್ನು ಅವಳ ಕೈಗೇ ಚಾಚಿದ. ನೇತ್ರಾವತಿ ಹಾವು ಕಂಡವಳಂತೆ ಹಿಂದೆ ಸರಿದಳು.

"ಕೈಗ್ ಕೊಡ್ಬ್ಯಾಡ್ರೀ! ಕೆಳಗಿಡ್ರಿ, ನಾನೇ ತಗಂತೀನಿ. ಚಾಕು ಕೈಯಿಂದ ಕೈಗೆ ಕೊಟ್ರೆ ಮನಸ್ತಾಪ ಬರ್ತೈತೆ. ನಮ್ಮಪ್ಪನ ಮುಂದೇನಾದ್ರೂ ಹಿಂಗ್ ಮಾಡೀರಾ!"

"ಎಲ್ಲಾ ಮೂಢನಂಬಿಕೆ. ಶಾಸ್ತ್ರೀಯವಾಗಿ ಕೊಡೋ ಕ್ರಮ ಬ್ಯಾರೆ ಐತೆ, ವಿಡಿಯೋದಾಗೆ ತೋರ್ಸ್ಯಾರೆ. ಅಲಗು ನಮ್ಮ ಕಡೆ, ಹಿಡಿ ಅವ್ರ ಕಡೆ. ಅಂಗೈಯಾಗಿಟ್ಟು, 'ಹಿಡ್ಕಂಡ್ರಾ?' ಅಂತ ಕೇಳ್ಬೇಕು. ಹೂಂ ಅಂದ್ಮೇಲೆ ಬಿಡ್ಬೇಕು." ಹೀಗೆಂದು ಸೌಟನ್ನು ಚಾಕುವೆಂದು ಭಾವಿಸಿ ಅವಳ ಅಂಗೈಗಿಟ್ಟು ಪಾಠ ಮಾಡಿದ. "ಹಿಡ್ಕಂಡ್ಯಾ?"

"ಹಿಡ್ಕಂಡೆ. ಸಾರು ಹೊತ್ತೋಗ್ತೈತೆ, ಹೋಗ್ರಿ ಅತ್ಲಾಗೆ."

ಆರು ತಿಂಗಳ ಅಧ್ಯಯನಕ್ಕೆ ತಜ್ಞರ ಒಪ್ಪಿಗೆ ಬೇಡವೇ? ಪ್ರಭುಲಿಂಗ ನೋಟ್‌ಬುಕ್ ಹಿಡಿದು ಚಿತ್ರದುರ್ಗಕ್ಕೆ ಹೋದ. ಅಲ್ಲಿ ರೌಫ್ ಸಾಬರು ತಲೆತಲಾಂತರದಿಂದ ಚಾಕು ಮಾಡಿ, ಸಾಣೆ ಹಿಡಿಯುವ ಮನೆಯವರು. ನೋಟ್‌ಬುಕ್ಕಿನ ಎರಡು ಪುಟ ತಾಳ್ಮೆಯಿಂದ ಕೇಳಿ, ಸಾಣೆಕಲ್ಲು ನಿಲ್ಲಿಸಿ, ಒಂದೇ ಪ್ರಶ್ನೆ ಕೇಳಿದರು.

"ಏನ್ ಕೊಯ್ತೀರಿ ಸಾರ್?"

"ಅಂದ್ರೆ... ಏನ್ ಬೇಕಾದ್ರೂ."

"ಹಂಗೆ ಹೇಳಿದೋರಿಗೆ ನಮ್ಮ ಅಬ್ಬಾ ಚಾಕು ಮಾಡ್ಕೊಡ್ತಿರ್ಲಿಲ್ಲ. ಕೆಲ್ಸ ಹೇಳಿ, ಆಮೇಲೆ ಚಾಕು ಕೇಳಿ ಅಂತಿದ್ರು. ಹರಿಯಬ್ಬೆಯಿಂದ ಕಾಟಲಿಂಗಪ್ಪ ಅಂತ ಒಬ್ರು ಸಾಣೆಗೆ ಬರ್ತಾರೆ ನೋಡ್ರಿ. ಮರಿಗಳ ಕಿವಿಗೆ ಗುರುತು ಹಾಕಾಕೆ ಅಂತ ಅಬ್ಬಾನ ಹತ್ರ ಮಾಡಿಸ್ಕಂಡು ಹೋಗಿ ಐವತ್ತು ವರ್ಷ ಆತು. ಇನ್ನೂ ಅದೇ ಚಾಕು."

"ಅವ್ರು ನಮ್ಮ ಮಾವ."

ರೌಫ್ ಸಾಬರು ಇವನನ್ನು ಹೊಸದಾಗಿ ನೋಡಿದರು. "ಮತ್ತೆ ನಿಮಗ್ಯಾಕೆ ಸಾರ್ ಬೇರೆ ಚಾಕು? ಈ ಸಲ ಬಂದಾಗ ಅವರ ಕೈ ಬಹಳ ನಡುಗ್ತಿತ್ತು. 'ನಾನು ತರೋದು ಇದೇ ಕೊನೆ ರೌಫಾ, ಮುಂದಿನ ಸಲ ನಮ್ಮ ಅಳಿಯ ತರ್ತಾನೆ' ಅಂದ್ರು."

ಅಳಿಯ! ಯಾವ ಅಳಿಯ? ಪ್ರಭುಲಿಂಗ ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಇದನ್ನೇ ಯೋಚಿಸಿದ. ಆ ಮನೆಯಲ್ಲಿ ಪ್ರತಿ ವರ್ಷ ಹೊಸ ಮರಿಗಳ ಎಡಗಿವಿಯ ತುದಿಗೆ ಒಂದು ಸಣ್ಣ ಕಚ್ಚು ಹಾಕುತ್ತಾರೆ. ಮಂದೆಗಳು ಬೆರೆತಾಗ ಇದು ನಮ್ಮದೆಂದು ಹೇಳುವ ಗುರುತು ಅದು. ಮನೆಯ ಹಿರಿಯನ ಕೈಯಿಂದಲೇ ಆಗಬೇಕು. ಆ ಚಾಕು ಯಾರಿಗೆ ಬರುತ್ತದೋ ಅವನು ಆ ಮನೆಯ ಮನುಷ್ಯ, ಉಳಿದವನು ಮಂಚದ ಮೇಲಿನ ನೆಂಟ. ಊರಿಗೆ ಬಂದವನೇ ಹೆಂಡತಿಯನ್ನು ಕೇಳಿದ. ಹೌದು, ಈ ವರ್ಷ ಅಪ್ಪ ಆ ಕೆಲಸ ಬಿಟ್ಟುಕೊಡುತ್ತಾರಂತೆ, ಅವ್ವ ಫೋನಿನಲ್ಲಿ ಹೇಳಿದಳು ಎಂದಳು.

"ಹೆಂಗೆ ಕೊಡ್ತಾರೆ? ಶಾಲು ಹೊದಿಸ್ತಾರಾ? ಎರಡು ಮಾತು ಆಡ್ಬೇಕಾಗ್ತೈತಾ?"

"ನಂಗೇನ್ ಗೊತ್ತು? ತಾತ ನಮ್ಮಪ್ಪಂಗೆ ಬಿಟ್ಕೊಟ್ಟಾಗ ನಾನು ಹುಟ್ಟೇ ಇರ್ಲಿಲ್ಲ."

ಪ್ರಭುಲಿಂಗ ಎರಡು ಮಾತು ಬರೆದಿಟ್ಟುಕೊಂಡ. ತಾನು ಚಾಕು ಬಲ್ಲವನೆಂದು ಮಾವನಿಗೆ ತೋರಬೇಕಲ್ಲ, ಅದಕ್ಕೆ ಹದಿನೆಂಟು ಉಪಕರಣಗಳು ಒಂದರೊಳಗೊಂದು ಮಡಚಿಕೊಳ್ಳುವ ಮಲ್ಟಿಟೂಲ್ ತರಿಸಿದ. ಅದು ಬಂದದ್ದು ಕಲ್ಲಿನಂಥ ಪ್ಲಾಸ್ಟಿಕ್ ಚಿಪ್ಪಿನೊಳಗೆ. ಬಿಚ್ಚಲು ಚಾಕು ಬೇಕು, ಚಾಕು ಒಳಗಿದೆ. ಅರ್ಧ ಗಂಟೆ ಹಲ್ಲು, ಉಗುರು, ಬೀಗದ ಕೈ ಎಲ್ಲ ಪ್ರಯೋಗಿಸಿ ಬೆವತು ಕೂತಾಗ ನೇತ್ರಾವತಿ ಬಂದಳು. ಅದನ್ನು ಈಳಿಗೆಮಣೆಯ ಮೇಲಿಟ್ಟು ಒಂದು ಒತ್ತು ಒತ್ತಿದಳು. ಒಳಗಿನ ಚೀಲದ ಬಾಯನ್ನು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನಿನಿಂದ ಬಿಡಿಸಿ, ನೆಲದ ಮೇಲಿಟ್ಟು ಹೋದಳು.

ಅಂದಿನಿಂದ ಮಲ್ಟಿಟೂಲ್ ಅವನ ಸೊಂಟದ ಚೀಲದಲ್ಲಿ. ಬಳಸಿದ್ದು ಮಾತ್ರ ಒಂದೇ ಸಲ, ಗ್ರಂಥಾಲಯದ ಪೇಪರ್ ಕಟ್ಟಿನ ದಾರ ಕೊಯ್ಯಲು. ಹರಿತ ಹೋದೀತೆಂಬ ಭಯಕ್ಕೆ ಮಾರನೆಯ ದಿನದಿಂದ ದಾರವನ್ನು ಮೊದಲಿನಂತೆ ಹಲ್ಲಿನಲ್ಲೇ ಕಡಿದ.

ಆ ದಿನ ಬಂತು. ಹರಿಯಬ್ಬೆಯ ಮನೆಯ ಮುಂದೆ ಕರಿಕಂಬಳಿ ಹಾಸಿ, ಒಂದು ಬಟ್ಟಲಲ್ಲಿ ಅರಿಶಿನ, ಇನ್ನೊಂದರಲ್ಲಿ ಬೂದಿ ಇಟ್ಟಿದ್ದರು. ಬಿದಿರು ತಡಿಕೆಯ ದೊಡ್ಡಿಯೊಳಗೆ ಮೂವತ್ತೊಂದು ಮರಿ ಅರಚುತ್ತಿದ್ದವು. ಅಕ್ಕಪಕ್ಕದವರೆಲ್ಲ ಬಂದು ಸುತ್ತ ನಿಂತಿದ್ದರು. ಕಾಟಲಿಂಗಪ್ಪನವರು ಕಂಬಳಿಯ ಮೇಲೆ ಕೂತು, ಮೊದಲ ಮರಿಯನ್ನು ತೊಡೆಗೆ ಎಳೆದುಕೊಂಡು, ಕಿವಿ ಹಿಡಿದು, ಚಾಕು ಬಿಚ್ಚಿದರು. ಅಲಗು ಕಿವಿಯ ಹತ್ತಿರ ಹೋಯಿತು, ನಡುಗಿತು, ಹಿಂದೆ ಬಂತು. ಇನ್ನೊಂದು ಸಲ ಹೋಗಿ ಹಿಂದೆ ಬಂತು. ಐವತ್ತು ವರ್ಷ ಒಂದೇ ಸೆಳೆತಕ್ಕೆ ಕಚ್ಚು ಹಾಕಿದ ಕೈ ಅದು. ಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಪ್ರಭುಲಿಂಗ ಕನ್ನಡಕ ತೆಗೆದು ಎರಡು ಸಲ ಒರೆಸಿದ. ಅವನ ಬಗ್ಗೆ ನಾವು ಏನೇ ಆಡಿಕೊಂಡರೂ ಆ ದುಃಖ ನಿಜದ್ದು.

ಮಾವ ಮರಿಯನ್ನು ಬಿಟ್ಟು ತಲೆಯೆತ್ತಿದರು. ರಂಗೇಶನನ್ನು ನೋಡಲಿಲ್ಲ. ಹಿರಿಯಳಿಯನನ್ನು ನೋಡಿದರು. ಚಾಕುವನ್ನು ಅವನ ಕಾಲ ಮುಂದೆ ಕಂಬಳಿಯ ಮೇಲಿಟ್ಟರು.

ಶಾಲಿಗೂ ಭಾಷಣಕ್ಕೂ ಕಾಯುತ್ತಿದ್ದ ಪ್ರಭುಲಿಂಗನಿಗೆ ಕಂಡದ್ದು ಇಷ್ಟೇ: ಪಾಪ, ಮುದುಕರ ಕೈಯಿಂದ ಚಾಕು ಜಾರಿತು. ಇದೇ ಸಮಯ! ಬಗ್ಗಿ ಎತ್ತಿದ. ಕನ್ನಡಕದ ಬಟ್ಟೆಯಿಂದ ಒರೆಸಿದ. ಅಲಗು ತನ್ನ ಕಡೆ, ಹಿಡಿ ಮಾವನ ಕಡೆ ಮಾಡಿ, ಅವರ ನಡುಗುವ ಅಂಗೈಯಲ್ಲಿಟ್ಟು, ಎಲ್ಲರಿಗೂ ಕೇಳುವಂತೆ, "ಹಿಡ್ಕಂಡ್ರಾ ಮಾವ?" ಎಂದ.

ನಿಂತವರಲ್ಲಿ ಗುಜುಗುಜು ಎದ್ದಿತು. ರಂಗೇಶ್ ಬಾಯಿ ತೆರೆದವನು ಮುಚ್ಚಲಿಲ್ಲ. ಕಾಟಲಿಂಗಪ್ಪನವರು ಕೈಯಲ್ಲಿದ್ದ ಚಾಕುವನ್ನು ನೋಡಿದರು, ಅಳಿಯನನ್ನು ನೋಡಿದರು. ಆಮೇಲೆ ಇನ್ನಷ್ಟು ನಿಧಾನವಾಗಿ, ಇನ್ನಷ್ಟು ಹತ್ತಿರ, ಅವನ ಕಾಲಿನ ಹೆಬ್ಬೆರಳಿಗೆ ತಾಗುವಂತೆ ಅದನ್ನು ಇಟ್ಟರು.

ಮತ್ತೆ ಜಾರಿತಲ್ಲಪ್ಪ! ಪ್ರಭುಲಿಂಗ ಮತ್ತೆ ಎತ್ತಿದ. ಈ ಸಲ ಮಾವನ ಬೆರಳುಗಳನ್ನು ಒಂದೊಂದಾಗಿ ಮಡಚಿ ಹಿಡಿಯ ಸುತ್ತ ಬಿಗಿ ಮಾಡಿಯೇ ಕೊಟ್ಟ. "ಗಟ್ಟಿಯಾಗಿ ಹಿಡ್ಕಳ್ರಿ ಮಾವ. ಅವಸರ ಇಲ್ಲ."

"ಎರಡು ಸಲ ಇಟ್ಟೆ" ಎಂದರು ಕಾಟಲಿಂಗಪ್ಪನವರು, ಯಾರಿಗೂ ಅಲ್ಲದಂತೆ. "ಎರಡು ಸಲ ವಾಪಸ್ ಕೊಟ್ರು. ಅದೂ ಕೈಗೇ. ಬಲವಂತದ ಕೆಲ್ಸ ಅಲ್ಲ ಬಿಡ್ರಿ ಇದು."

ಪಾಲಮ್ಮ ತಡೆಯಲಾರದೆ, "ಅಯ್ಯೋ ನಮ್ಮಪ್ಪಾ! ಇಟ್ಟ ಚಾಕು ಯಾರು ಎತ್ಕಂಡು ಇಟ್ಕಂತಾರೋ ಕೆಲ್ಸ ಅವ್ರದು. ಮಾತಾಡೋ ಹಂಗಿಲ್ಲ, ಅದೇ ಶಾಸ್ತ್ರ" ಎಂದರು. ಪ್ರಭುಲಿಂಗನಿಗೆ ನೆಲ ಬಿರಿಯಬಾರದೇ ಅನ್ನಿಸಿತು. ಇಪ್ಪತ್ತೆರಡು ವರ್ಷ ಕಾದ ಕೆಲಸ ಕಾಲ ಬುಡಕ್ಕೆ ಎರಡು ಸಲ ಬಂದಿತ್ತು, ಎರಡು ಸಲವೂ ಒರೆಸಿ ವಾಪಸ್ ಕೊಟ್ಟಿದ್ದ.

"ಅಪ್ಪಾ, ಕೆಳಗಿಡು" ಎಂಬ ದನಿ ಕೇಳಿತು. ನೇತ್ರಾವತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮುಂದೆ ಬಂದಿದ್ದಳು. ಮುದುಕರು ಮಗಳ ಮುಖವನ್ನೇ ನೋಡಿದರು. ಆಮೇಲೆ ಮೂರನೇ ಸಲ ಇಟ್ಟರು. ಗಂಡ ಬಗ್ಗುವುದರೊಳಗೆ ಅವಳು ಎತ್ತಿಕೊಂಡಳು. ಕಂಬಳಿಯ ಮೇಲೆ ಕೂತು, ಮರಿಯನ್ನು ಎಳೆದುಕೊಂಡು, ಒಂದೇ ಸೆಳೆತಕ್ಕೆ ಕಚ್ಚು ಹಾಕಿ, ಅರಿಶಿನ ಬೂದಿ ಒತ್ತಿದಳು. ಮರಿ ಅರಚುವುದರೊಳಗೆ ಕೆಲಸ ಮುಗಿದಿತ್ತು. ಕಾಟಲಿಂಗಪ್ಪನವರು "ಹ್ಞೂಂ" ಎಂದರು. ಕಣ್ಣು ತುಂಬಿದ್ದವು.

ಏನಾದರೂ ಮಾಡಿ ಮಾನ ಉಳಿಸಿಕೊಳ್ಳಬೇಕೆಂದು ಪ್ರಭುಲಿಂಗ ಮಲ್ಟಿಟೂಲ್ ಹೊರತೆಗೆದು, (ಈಗ ಬುದ್ಧಿ ಬಂದು) ಮಾವನ ಮುಂದೆ ಕೆಳಗಿಟ್ಟ. ಅವರು ಎತ್ತಿ, ಹದಿನೆಂಟನ್ನೂ ಒಂದೊಂದಾಗಿ ಬಿಡಿಸಿ ನೋಡಿ ಕೇಳಿದರು.

"ಇದ್ರಾಗೆ ಕಿವಿ ಗುಗ್ಗೆ ತೆಗ್ಯೋ ಕಡ್ಡಿ ಯಾವ್ದು?"

"ಅದು... ಇಲ್ಲ ಮಾವ."

ಮುದುಕರು ತಮ್ಮ ಉಡದಾರದಲ್ಲಿ ಉಳಿದಿದ್ದ ಗುಗ್ಗೆಕಡ್ಡಿಯನ್ನೂ ಮುಳ್ಳು ಕೀಳುವ ಚಿಮಟವನ್ನೂ ಒಮ್ಮೆ ಮುಟ್ಟಿ ನೋಡಿಕೊಂಡು, ಮಲ್ಟಿಟೂಲನ್ನು ಜೋಪಾನವಾಗಿ ಮಡಚಿ ಕೆಳಗಿಟ್ಟರು. "ಸುಮ್ನೆ ಯಾಕೆ ನಿಂತೀರಿ? ಮರಿ ಹಿಡ್ಕಳ್ರಿ."

ಕೆಲಸ! ಪ್ರಭುಲಿಂಗ ಚಪ್ಪಲಿ ಬಿಟ್ಟು ಕೂತೇಬಿಟ್ಟ. ಉಳಿದ ಮೂವತ್ತನ್ನೂ ಅವನೇ ಹಿಡಿದ. ಎರಡು ಅವನ ತೊಡೆಯ ಮೇಲೆ ಉಚ್ಚೆ ಹೊಯ್ದವು, ಒಂದು ಕನ್ನಡಕಕ್ಕೆ ಒದೆಯಿತು. ಹತ್ತನೆಯದೋ ಹನ್ನೊಂದನೆಯದೋ ಮರಿಗೆ, "ಅಳಿಯಂದ್ರೇ, ಕಿವಿ ನೆಟ್ಟಗೆ ಹಿಡೀರಿ" ಎಂದು ಮಾವ ಗದರಿದರು. ಅಷ್ಟು ಸಂತೋಷ ಅವನಿಗೆ ಮದುವೆಯ ದಿನವೂ ಆಗಿರಲಿಲ್ಲ.

ಮಾರನೆಯ ಬೆಳಿಗ್ಗೆ ಹೊಳಲ್ಕೆರೆಯ ಮನೆಯಲ್ಲಿ ಪ್ರಭುಲಿಂಗ ಪೇಪರ್ ಓದುತ್ತಿದ್ದ. ನೇತ್ರಾವತಿ ಅಡುಗೆಮನೆಯಿಂದ ಬಂದಳು. ಏನೂ ಮಾತಾಡದೆ, ಗಂಭೀರವಾಗಿ, ಒಂದು ಚಾಕುವನ್ನು ಅವನ ಕಾಲ ಮುಂದೆ ಇಟ್ಟಳು.

ಮೂರನೇ ಸಲವೂ ಮೋಸ ಹೋಗುವಷ್ಟು ದಡ್ಡನೇ ಅವನು? ಪೇಪರ್ ಬಿಸಾಡಿ, ಎರಡೂ ಕೈಯಲ್ಲಿ ಚಾಕು ಎತ್ತಿ, ಕಣ್ಣಿಗೊತ್ತಿಕೊಂಡ. ಆಮೇಲೆ ನೋಡಿದ. ಅದು ಮಾವನ ಚಾಕುವಲ್ಲ, ಅಡುಗೆಮನೆಯದು. ಅವಳ ಹಿಂದೆ ಒಂದು ಮೊರದ ತುಂಬ ಈರುಳ್ಳಿ, ಹೀರೇಕಾಯಿ.

"ಶಾಸ್ತ್ರ ಗೊತ್ತಲ್ಲ?" ಎಂದಳು ನೇತ್ರಾವತಿ. "ಸಾರಿಗೆ ಸಣ್ಣಗೆ ಹೆಚ್ರಿ, ಪಲ್ಯಕ್ಕೆ ಒಂಚೂರು ದಪ್ಪ ಇರ್ಲಿ. ನಾಳೆಗೆ ಸೊಪ್ಪು ತಂದೀನಿ."

ಪ್ರಭುಲಿಂಗ ಗಡಬಡಿಸಿ ಎದ್ದು, ಅಲಗು ತನ್ನ ಕಡೆ, ಹಿಡಿ ಅವಳ ಕಡೆ ಮಾಡಿ ಚಾಚಿದ. "ಹಿಡ್ಕ, ಹಿಡ್ಕ!"

ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. "ಕೈಗ್ ಕೊಡ್ಬ್ಯಾಡ್ರೀ, ಮನಸ್ತಾಪ ಬರ್ತೈತೆ."

ಅವನು ಚಾಕುವನ್ನು ಅವಳ ಕಾಲ ಮುಂದೆ ಕೆಳಗಿಟ್ಟು, ಎತ್ತಿಕೊಳ್ಳಲೆಂದು ಕಾದು ನಿಂತ. ಅವಳು ಅದನ್ನು ದಾಟಿಕೊಂಡು ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕತೊಡಗಿದಳು. ಗ್ರಂಥಾಲಯಕ್ಕೆ ಹೊತ್ತಾಗುತ್ತಿತ್ತು, ಬುತ್ತಿ ಆಗಿರಲಿಲ್ಲ. ಒಂಬತ್ತೂಕಾಲಿಗೆ ಪ್ರಭುಲಿಂಗ ಬಗ್ಗಿ ಚಾಕು ಎತ್ತಿಕೊಂಡು ಈರುಳ್ಳಿಯ ಮುಂದೆ ಕೂತ.