ಕೆರೆಯಬಾರದ ತಲೆ

ತಲೆ ಕೆರೆದುಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಎದುರಾಳಿಯ ಕೈ ತಲೆಯತ್ತ ಹೋಯಿತೆಂದರೆ ಅವನ ಬಳಿ ಉತ್ತರವಿಲ್ಲ ಎಂದೇ ನಾನು ತಿಳಿಯುತ್ತಿದ್ದೆ. ಆಗ ಮುಂಗೂದಲನ್ನು ಒಮ್ಮೆ ಹಿಂದಕ್ಕೆ ಚಿಮ್ಮಿ ಕೊನೆಯ ಏಟು ಹಾಕುತ್ತಿದ್ದೆ. ಈ ಚಿಮ್ಮುವುದನ್ನು ಸಣ್ಣ ಸಂಗತಿ ಎಂದುಕೊಳ್ಳಬೇಡಿ. ವಾದ ತೆಳುವಾದ ಕಡೆಯಲ್ಲೆಲ್ಲ ನನ್ನನ್ನು ದಾಟಿಸಿದ್ದು ಈ ಕೂದಲೇ. ಚೀಟಿ ಎತ್ತಿದಾಗ ‘ಪರ’ ಬಂದರೆ ಪರ, ‘ವಿರೋಧ’ ಬಂದರೆ ವಿರೋಧ. ಎರಡು ಕಡೆಯೂ ನನಗೆ ಅನುಮಾನವೆಂಬುದೇ ಇರುತ್ತಿರಲಿಲ್ಲ. ಅಂಥ ನಾನು ಈಗ ಗೋಕಾಕದ ಕಾಲೇಜೊಂದರಲ್ಲಿ ಪಾಠ ಮಾಡುತ್ತ, ಹುಡುಗರನ್ನು ಅದೇ ಸ್ಪರ್ಧೆಗಳಿಗೆ ತಯಾರು ಮಾಡುತ್ತ, ಬೋರ್ಡಿನ ಮುಂದೆ ಎರಡೂ ಕೈಯಿಂದ ತಲೆ ಕೆರೆದುಕೊಳ್ಳುವ ಸ್ಥಿತಿಗೆ ಬಂದೆ. “ಸರ್, ಉತ್ತರ ಗೊತ್ತಿಲ್ಲಂದ್ರ ನಾಳೆ ಹೇಳ್ರಿ, ಅವಸರಿಲ್ಲ” ಎಂದು ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕರುಣೆ ತೋರಿದಳು.

ಆಗಿದ್ದಿಷ್ಟೆ: ಕೂದಲಿನ ಬುಡದಲ್ಲಿ ಸಣ್ಣ ಸಣ್ಣ ಕೆಂಪು ಗುಳ್ಳೆ, ಕೆಲವಕ್ಕೆ ಕೀವಿನ ತುದಿ, ಎಲ್ಲಕ್ಕೂ ತುರಿಕೆ. ನಮ್ಮ ಮನೆ ಮೂಡಲಗಿಯಲ್ಲಿ. ಅಲ್ಲಿ ಅವ್ವ ನನ್ನ ತಲೆಯನ್ನು ನೋಡದೆಯೇ, ಅಡುಗೆಮನೆಯಿಂದಲೇ, “ಉಷ್ಣ ಆಗೇತಿ” ಎಂದಳು. ನಾನು ಬಿಡುವವನೆ? “ಉಷ್ಣ ಅಂದ್ರೇನವ್ವಾ? ಮೊದಲ ಪದದ ಅರ್ಥ ಹೇಳು. ಥರ್ಮಾಮೀಟರ್‌ನಾಗ ತೋರಸ್ತೈತೇನು?” ಎಂದೆ. “ನಿನ್ನ ಬಾಯಾಗ ಇಟ್ಟ ನೋಡು, ಒಡದ ಹೋಗ್ತೈತಿ” ಎಂದಳು. ಅಷ್ಟರಲ್ಲಿ ಹುಕ್ಕೇರಿಯಿಂದ ಅವಳ ಅಣ್ಣ, ಅಂದರೆ ನನ್ನ ಮಾಮಾ ಬಂದ. “ಹರಳೆಣ್ಣಿ ಹಚ್ಚೋ, ತಣ್ಣಗ ಆಗ್ತೈತಿ. ನನಗೂ ಹಿಂಗ ಆಗಿತ್ತು, ಹಚ್ಚಿದೆ, ಹೋತು” ಎಂದ. ನಾನು ಅವನ ತಲೆ ನೋಡಿದೆ. ಅಲ್ಲಿ ಮಿಂಚುವ ಚರ್ಮವಲ್ಲದೆ ಬೇರೇನೂ ಇರಲಿಲ್ಲ. “ಮಾಮಾ, ಹೋಗಿದ್ದು ಗುಳ್ಳಿನೋ ಕೂದಲೋ?” ಎಂದು ಕೇಳಿದೆ. “ಎರಡೂ ಹೋದ್ವು. ಈಗ ಆರಾಮ ಅದೀನಿ” ಎಂದ. ನನ್ನ ಇಡೀ ಚರ್ಚಾಜೀವನದಲ್ಲಿ ಇಷ್ಟು ಬಿರುಕಿಲ್ಲದ ಉತ್ತರ ಕೇಳಿರಲಿಲ್ಲ. ತುರಿಕೆ ಇರುವವನ ತರ್ಕಕ್ಕೆ ಬಲ ಕಡಿಮೆ, ಹಚ್ಚಿಕೊಂಡೆ. ಎಣ್ಣೆಯ ಮೇಲೆ ಹೆಲ್ಮೆಟ್ ಹಾಕಿಕೊಂಡು ಗೋಕಾಕಕ್ಕೆ ಹೋಗಿಬಂದೆ. ಗುಳ್ಳೆಗಳು ಇನ್ನಷ್ಟು ಬಂಧುಬಳಗವನ್ನು ಕರೆಸಿಕೊಂಡವು.

ಕೊನೆಗೆ ಘಟಪ್ರಭಾದ ಚರ್ಮದ ಡಾಕ್ಟರ ಬಳಿ ಹೋದೆ. ನಾನು ನನ್ನ ಬಗ್ಗೆ ಖರೆ ಹೇಳುತ್ತೇನೆಂಬ ನಂಬಿಕೆ ಅವ್ವನಿಗೆ ಇಲ್ಲದ್ದರಿಂದ ಅವಳೂ ಬಂದಳು. ಡಾಕ್ಟರಮ್ಮ ಕೂದಲು ಸರಿಸಿ ನೋಡಿ, “ತಲಿ ಒಣಗೂದ್ರೊಳಗ ಹೆಲ್ಮೆಟ್ ಹಾಕ್ಕೋತೀರೇನು?” ಎಂದರು. ಹೌದೆಂದೆ. “ಒಳಗಿನ ಬಟ್ಟಿ ಯಾವಾಗ ತೊಳದೀರಿ?” ಅದನ್ನು ಬಿಚ್ಚಬಹುದೆಂಬುದೇ ನನಗೆ ಗೊತ್ತಿರಲಿಲ್ಲ. “ಕೂದಲಿನ ಬುಡ ಬಾತಾವ್ರಿ. ಒಳಗ ಬಿಸಿ, ಬೆವರು, ಎಣ್ಣಿ. ಮ್ಯಾಲ ನಿಮ್ಮ ಉಗುರು. ಮತ್ತೇನಾಗ್ಬೇಕು?” ಎಂದರು. ಬಾಜೂ ಕುರ್ಚಿಯಿಂದ ಅವ್ವ, “ಬಿಸಿ ಅಂದ್ರಲ್ಲ? ನಾ ಉಷ್ಣ ಅಂದಿದ್ದಿಲ್ಲೇನು?” ಎಂದಳು. ಅವಳ ಉಷ್ಣವೇ ಬೇರೆ, ಡಾಕ್ಟರ ಬಿಸಿಯೇ ಬೇರೆ ಎಂದು ನಾನು ವಿವರಿಸತೊಡಗಿದೆ. ಇಬ್ಬರೂ ಕೇಳಲಿಲ್ಲ. ಔಷಧಿಯ ಶಾಂಪೂ, ಹಚ್ಚಲು ಲೋಶನ್, ಎಣ್ಣೆ ಬಂದ್, ಬೇರೆ ಬಾಚಣಿಗೆ, ಬೇರೆ ಟವೆಲ್, ಮುಖ್ಯವಾಗಿ, ಕೆರೆಯಕೂಡದು. ಸೋತವರು ಯಾರೆಂದು ನನಗೆ ತಿಳಿಯಲಿಲ್ಲ. ಗೆದ್ದವನು ನಾನಲ್ಲ ಎಂಬುದಷ್ಟೇ ಖಾತ್ರಿಯಾಯಿತು.

ಔಷಧ ಹಿಡಿಯಿತು. ಒಂದು ಮುಂಜಾನೆ ಅವ್ವ “ಕಮ್ಮಿ ಆತೇನೋ?” ಎಂದಳು. ನಾನು ಎದೆಯುಬ್ಬಿಸಿ, “ಕಮ್ಮಿ ಆತವ್ವಾ! ಔಷಧ ಅಂದ್ರ ಇದು, ನೋಡು” ಎಂದೆ. ಅವಳು ದೇವರ ಜಗುಲಿಯತ್ತ ತಿರುಗಿ ಕೈ ಮುಗಿದಳು. “ಹಂಗಾರ ಸೋಮವಾರ ಹೋಗೂಣು. ನಿನ್ನ ತಲಿ ಕಮ್ಮಿ ಆದ್ರ ಕೂದಲ ಕೊಡಸ್ತೀನಂತ ಮನಿದೇವರಿಗೆ ಬೇಡ್ಕೊಂಡೀನಿ.”

ಕೂದಲು! ಬೋಳುತಲೆಯಲ್ಲಿ ನಿಂತು ನಾನು ಏನನ್ನು ಚಿಮ್ಮಲಿ? ಯಾರೋ ನನ್ನ ಕೈಗೆ ವಿರೋಧದ ಚೀಟಿ ಕೊಟ್ಟಂತಾಯಿತು. ಆ ಕ್ಷಣದವರೆಗೆ ಔಷಧದ ಪರ ಮಾತಾಡುತ್ತಿದ್ದವನು ತಟ್ಟನೆ ರೋಗದ ವಕೀಲನಾದೆ. “ಕಮ್ಮಿ ಅಂದ್ರ ಪೂರಾ ಹೋಗೇತಂತಲ್ಲವ್ವಾ! ಬರೇ ಸ್ವಲ್ಪ ಇಳದೈತಿ. ಇಲ್ನೋಡು, ಕಿವಿ ಹಿಂದ ಇನ್ನೂ ಅದಾವು!” ಎಂದು ತಲೆ ಬಗ್ಗಿಸಿ, ಉಳಿದ ಗುಳ್ಳೆಗಳನ್ನು ಹೆಮ್ಮೆಯಿಂದ ತೋರಿಸಿದೆ. ನಮ್ಮ ಕಡೆ ಜ್ವರ ಕಮ್ಮಿ ಆಯಿತೆಂದರೆ ಜ್ವರ ಬಿಟ್ಟಿತು ಎಂದೇ ಅರ್ಥ. ಅದು ಗೊತ್ತಿದ್ದೂ ನಾನು ನಿಘಂಟಿನ ಅರ್ಥಕ್ಕೆ ಜೋತುಬಿದ್ದಿದ್ದೆ. ಅವ್ವ ಶಾಂತವಾಗಿ, “ನಾನೂ ದೇವರಿಗೆ ಕಮ್ಮಿ ಆದ್ರ ಅಂತನ ಅಂದೀನಿ. ಪೂರಾ ಹೋದ್ರ ಅಂತ ಎಲ್ಲಿ ಅಂದೀನಿ?” ಎಂದಳು. ಪದದ ಅರ್ಥ ಮೊದಲು ಹೇಳು ಎಂದು ಅವಳಿಗೆ ಕಲಿಸಿದವನು ನಾನೇ. ಈಗ ಎರಡೂ ಅರ್ಥ ಅವಳ ಕೈಯಲ್ಲಿದ್ದವು.

ಕಡೆಯ ಅಸ್ತ್ರವಾಗಿ ಡಾಕ್ಟರಿಗೆ ಫೋನ್ ಹಚ್ಚಿ, ಅವ್ವನಿಗೂ ಕೇಳುವಂತೆ ಸ್ಪೀಕರ್ ಒತ್ತಿದೆ. “ಅಯ್ಯೋ, ಗುಳ್ಳಿ ಇರೂತನಕ ತಲಿಗೆ ರೇಜರ್ ಹಚ್ಚಬ್ಯಾಡ್ರಿ, ಮತ್ತ ಏಳ್ತಾವು” ಎಂದರು. ನಾನು ಮುಂಗೂದಲನ್ನು ಹಿಂದಕ್ಕೆ ಚಿಮ್ಮಿದೆ. ಅವ್ವ ತಲೆಯಾಡಿಸಿದಳು. “ಆತ ತಗೋ. ದೇವರಿಗೇನ ಅವಸರಿಲ್ಲ. ಪೂರಾ ಆರಾಮ ಆಗ್ಲಿ, ಆಮ್ಯಾಲ ಬೋಳಸೂಣು.”

ಅಂದಿನಿಂದ ನನ್ನ ತಲೆಯ ಆರೈಕೆಯನ್ನು ಅವಳೇ ವಹಿಸಿಕೊಂಡಿದ್ದಾಳೆ. ಹೆಲ್ಮೆಟ್ಟಿನ ಒಳಬಟ್ಟೆ ತೊಳೆದು ಬಿಸಿಲಿಗೆ ಹಾಕುತ್ತಾಳೆ, ಮಾಮಾ ಬಂದರೆ ಹರಳೆಣ್ಣೆ ಬಚ್ಚಿಡುತ್ತಾಳೆ, “ಲೋಶನ್ ಹಚ್ಚಿದೇನೋ?” ಎಂದು ಬಾಗಿಲಲ್ಲೇ ತಡೆಯುತ್ತಾಳೆ. ಹಚ್ಚಿದರೆ ಗುಳ್ಳೆ ಹೋಗುತ್ತದೆ, ಹಿಂದೆಯೇ ಕೂದಲೂ ಹೋಗುತ್ತದೆ. ಹಚ್ಚದಿದ್ದರೆ ಕೂದಲು ಉಳಿಯುತ್ತದೆ, ಗುಳ್ಳೆಯೂ ಉಳಿಯುತ್ತದೆ. ಪರವೋ ವಿರೋಧವೋ ಎಂದು ದಿನಾ ಬಾಟಲಿ ಹಿಡಿದು ಕನ್ನಡಿಯ ಮುಂದೆ ನಿಲ್ಲುತ್ತೇನೆ. ಸ್ವಲ್ಪ ತಲೆ ಕೆರೆದುಕೊಂಡು ಯೋಚಿಸೋಣವೆಂದರೆ, ಕೆರೆಯಬಾರದೆಂದು ಡಾಕ್ಟರು ಹೇಳಿದ್ದಾರೆ.